ಅಜ್ಜಿಯರ ಮುಂದ ಕುಂತು ಕಲಿತ ಮಾಸ್ತರರು

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನಮ್ಮ ಸೊಸಾಯಿಟಿಗೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ದಿವಸ ನನಗೂ ಎರಡು ಮಾತಾಡಲು ಅಪ್ಪಣೆ ಮಾಡಿದ್ದೀರಿ. ಸಾಲ, ಬಡ್ಡಿ, ಠೇವು, ಗೊಬ್ಬರದ ಲೆಕ್ಕ ಹೇಳಲಿಕ್ಕೆ ನನಗಿಂತ ಬಲ್ಲವರು ಈ ವೇದಿಕೆಯ ಮೇಲಿದ್ದಾರೆ. ನಾನು ಸಾಲಿಯೊಳಗ ಖಡು ಹಿಡಿದು ಹೊಟ್ಟೆ ಹೊರಕೊಂಡವ. ಆದ್ದರಿಂದ ನಮ್ಮ ಸೀಮೆಯ ಒಬ್ಬ ಮಾಸ್ತರರನ್ನು, ಮತ್ತು ಆ ಮಾಸ್ತರರಿಗೇ ಪಾಠ ಹೇಳಿದ ಅಜ್ಜಿಯರನ್ನು ಇವತ್ತು ನೆನೆಯುತ್ತೇನೆ.

1905ನೇ ಇಸವಿ ಸಹಕಾರಿಗಳಾದ ನಮಗೆ ಗೊತ್ತಿರಬೇಕಾದ ಇಸವಿ. ಗದಗ ತಾಲೂಕಿನ ಕಣಗಿನಹಾಳದೊಳಗ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ, ದೇಶದ ಮೊದಲ ಸಹಕಾರ ಸಂಘ ಎಂದು ಹೆಸರಾದ ಸಂಘವನ್ನು ಕಟ್ಟಿದರು. ಅದೇ ವರ್ಷ ಅಂದಿನ ಇಂಡಿ ತಾಲೂಕಿನ ಚಡಚಣದಲ್ಲಿ ಸಿಂಪಿ ಲಿಂಗಣ್ಣನವರು ಹುಟ್ಟಿದರು. ಈಗ ಚಡಚಣವೇ ತಾಲೂಕು ಆಗೇದ. ಲಿಂಗಣ್ಣನವರು 1993ರಲ್ಲಿ ತೀರಿಕೊಂಡರು. ಎಂಬತ್ತೆಂಟು ವರ್ಷದ ತುಂಬು ಬಾಳು. ಕೊನೆಗಾಲದಲ್ಲಿ ಕೊಪ್ಪಳದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪದವಿಯೂ ಅವರನ್ನು ಹುಡುಕಿಕೊಂಡು ಬಂತು. ಆದರೆ ಅವರು ದೊಡ್ಡ ಕಾಲೇಜಿನ ಪ್ರೊಫೆಸರರಲ್ಲ. ಕನ್ನಡ ಸಾಲಿಯ ಮಾಸ್ತರರು.

ಅವರು ಹರೆಯದವರಿದ್ದಾಗ ನಮ್ಮ ಜಿಲ್ಲೆ ಮುಂಬಯಿ ಇಲಾಖೆಯೊಳಗ ಇತ್ತು. ಮೂರು ಅಕ್ಷರ ಕಲಿತವರು ಇಂಗ್ಲಿಷ್ ಕಡೆ, ಮರಾಠಿ ಕಡೆ ಮುಖ ಮಾಡುತ್ತಿದ್ದ ಕಾಲ. ಹಳ್ಳಿಯ ಹೆಣ್ಣುಮಕ್ಕಳು ಹಾಡುವ ಹಾಡು ಸಾಹಿತ್ಯ ಅಂತ ಅನಿಸಿದ್ದು ಬಹಳ ಕಡಿಮೆ ಜನಕ್ಕೆ. ಹಲಸಂಗಿಯ ಗೆಳೆಯರಿಗೆ ಹಾಗೆ ಅನಿಸಿತು. ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಕಾಪಸೆ ರೇವಪ್ಪನವರು, ಧೂಲಾಸಾಹೇಬರು. ಜಾತಿ ಬೇರೆ, ಮತ ಬೇರೆ, ಕೆಲಸ ಒಂದೇ. ಧಾರವಾಡದ ಬೇಂದ್ರೆಯವರೂ ಈ ಬಳಗಕ್ಕೆ ಆಪ್ತರು. ಇವರು ಕೂಡಿ ಹಾಡು ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು' ಅಚ್ಚಾಗಿ ಬಂತು. ಮುಂದೆ ಲಾವಣಿಗಳ 'ಜೀವನ ಸಂಗೀತ', ಆಮೇಲೆ 'ಮಲ್ಲಿಗೆ ದಂಡೆ' ಬಂದವು. ಬಂಡವಾಳ ಇಲ್ಲದ ನಾಲ್ಕು ಮಂದಿ ಕೈಗೆ ಕೈ ಕೂಡಿಸಿ ಮಾಡಿದ ಕೆಲಸ. ಇದೂ ಸಹಕಾರವೇ ಅಲ್ಲವೇ?

ಈ ಹಾಡು ಬರೆದುಕೊಳ್ಳುವುದು ಸುಲಭದ ಕೆಲಸ ಅಂತ ತಿಳಿಯಬೇಡಿರಿ. ಬೀಸೂ ಹೊತ್ತು ಯಾವುದು? ಕೋಳಿ ಕೂಗುವ ಹೊತ್ತು. ಬುಡ್ಡಿ ದೀಪದ ಬೆಳಕಿನಾಗ ಅತ್ತಿ-ಸೊಸಿ ಎದುರುಬದುರು ಕುಂತು ಗೂಟ ಹಿಡೀತಿದ್ದರು. ಒಂದು ಕೈ ಕಲ್ಲು ತಿರುವಿದರೆ ಇನ್ನೊಂದು ಕೈ ಕಲ್ಲಿನ ಬಾಯಿಗೆ ಜೋಳದ ಹಿಡಿ ಹಾಕಬೇಕು. ಆ ಸುತ್ತಿಗೆ ಮೂರು ಸಾಲಿನ ತ್ರಿಪದಿ ಹೊಂದಿಕೊಂಡು ಬರ್ತದ. ಹೊರಗಿನ ಗಂಡಸು ಬಂದು "ಎಲ್ಲಿ, ಒಂದು ಹಾಡು ಹೇಳವ್ವ" ಅಂದರ ಯಾವ ಹೆಣ್ಣುಮಗಳು ಬಾಯಿ ಬಿಟ್ಟಾಳು? ಸೆರಗು ಬಾಯಿಗೆ ಅಡ್ಡ ಬರ್ತದ. ಕಲ್ಲು ತಿರುಗದಿದ್ದರ ಹಾಡು ನೆನಪಿಗೇ ಬರೂದಿಲ್ಲ. ಅಂಥಾದ್ದರಾಗ, ಮಕ್ಕಳಿಗೆ ಓದು ಬರಹ ಕಲಿಸುವ ಮಾಸ್ತರರು ಓದು ಬರಹ ಬಾರದ ಮುದುಕಿಯರ ಮುಂದೆ ವಿದ್ಯಾರ್ಥಿಯಾಗಿ ಕುಂತರು. ಇದು ನನಗೆ ದೊಡ್ಡದು ಅನಿಸ್ತದ.

ಅಜ್ಜಿ ಏನು ಕಲಿಸ್ತಿದ್ದಳು? ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಯಾವ ಮನೆಯೊಳಗಾದರೂ ಕೇಳಿ ನೋಡಿರಿ. ಮೊಮ್ಮಕ್ಕಳನ್ನು ತೊಡಿ ಮೇಲೆ ಕುಂದರಿಸಿಕೊಂಡು ಮಳಿ ನಕ್ಷತ್ರ ಎಣಿಸೂದು ಕಲಿಸಿದಾಕಿ ಅವಳು. ಡೋಣಿ ಹೊಳಿ ತುಂಬಿ ಹರಿದ ವರ್ಷ ಓಣಿ ತುಂಬ ಜೋಳ ಅಂತ ಹೇಳಿದಾಕಿ ಅವಳು. ಹಗೇವಿನ ಕಾಳು ಹೆಂಗ ಇಡಬೇಕು, ಬೀಜದ ತೆನಿ ಯಾವುದು ಆರಿಸಬೇಕು, ಹಸಿದು ಬಂದವರಿಗೆ ಅರ್ಧ ರೊಟ್ಟಿಯಾದರೂ ಹೆಂಗ ಕೊಡಬೇಕು, ಎಲ್ಲಾ ಅವಳ ಪಾಠ. ಹಾಡಿನೊಳಗ ತವರು, ಅಣ್ಣತಮ್ಮಂದಿರು, ತೊಟ್ಟಿಲ ಕೂಸು, ಮಕ್ಕಳಿಲ್ಲದಾಕಿಯ ಸಂಕಟ, ಪಂಚಮಿಗೆ ಕರಿಯಾಕ ಬಾರದ ಅಣ್ಣನ ಮ್ಯಾಲಿನ ಸಿಟ್ಟು. ಬಾಯಿ ಬಿಟ್ಟು ಆಡಲಾರದ ಮಾತನ್ನು ಕಲ್ಲಿನ ಮುಂದೆ ಹಾಡಿ ಹಗುರಾಗತಿದ್ದರು.

ನಮ್ಮಜ್ಜಿಯೂ ಹಾಡತಿದ್ದಳು. ಸುಗ್ಗಿಯಾಗ ಯಾರ ಮನಿ ಆಳು ಎಷ್ಟು ದಿನ ಬಂದಾರ, ಯಾರಿಗೆ ಎಷ್ಟು ಸೇರು ಕೊಡಬೇಕು, ಎಲ್ಲಾ ಬಾಯಿಲೆಕ್ಕ. ಒಂದು ಹಿಡಿ ತಪ್ಪುತ್ತಿರಲಿಲ್ಲ. ಅಂಥಾಕಿ ಕಾಗದಕ್ಕೆ ಸಹಿ ಮಾಡೂ ಹೊತ್ತಿಗೆ ಮಾತ್ರ ಎಡಗೈ ಹೆಬ್ಬೆಟ್ಟು ಮುಂದ ಮಾಡತಿದ್ದಳು. ಶಾಯಿ ಹತ್ತಿದ ಬೆರಳನ್ನು ಸೆರಗಿಗೆ ಒರಸಿಕೊಳ್ಳುವಾಗ ಅವಳ ಮುಖ ಸಣ್ಣದಾಗತಿತ್ತು. 1951ರ ಜನಗಣತಿಯಲ್ಲಿ ನಮ್ಮ ದೇಶದ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಒಂಬತ್ತು ಮಂದಿಗೆ ಮಾತ್ರ ಅಕ್ಷರ ಬರುತ್ತಿತ್ತು. 2011ರ ಹೊತ್ತಿಗೆ ಅದು ನೂರಕ್ಕೆ ಅರವತ್ತೈದರ ಸುಮಾರಿಗೆ ಬಂದಿತ್ತು. ನಡುವಿನ ಅರವತ್ತು ವರ್ಷದಾಗ ಎಷ್ಟು ಜನ ಬುದ್ಧಿವಂತ ಅಜ್ಜಿಯರು ಹೆಬ್ಬೆಟ್ಟು ಒತ್ತುತ್ತಲೇ ಹೋಗಿಬಿಟ್ಟರು!

ಅಕ್ಷರ ಸಿಕ್ಕರೆ ಹೆಣ್ಣುಮಗಳು ಏನು ಮಾಡಬಲ್ಲಳು ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಇಂಡಿಯವರು ಸಂತಿ-ಪ್ಯಾಟಿಗೆ ಹೋಗುವ ಸೊಲ್ಲಾಪುರದಾಗ 1912ರಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆಯವರನ್ನು ನೋಡಿರಿ. ಕಲಿತದ್ದು ಮರಾಠಿ ಸಾಲಿ. ಕನ್ನಡವನ್ನು ತಾವೇ ಕಲಿತರು, ಕಲಿತು ಸುಮ್ಮನೆ ಕೂಡ್ರದೆ ಸೊಲ್ಲಾಪುರದ ಹೆಣ್ಣುಮಕ್ಕಳಿಗೆ ಕಲಿಸಿದರು. ಸೊನ್ನಲಿಗೆಯ ಸಿದ್ಧರಾಮನ ಮೇಲೆ ದೊಡ್ಡ ಪುರಾಣ ಬರೆದರು. ಬರೆದದ್ದು ಯಾವುದರೊಳಗ? ನಮ್ಮ ಬೀಸೂಕಲ್ಲಿನ ತ್ರಿಪದಿಯೊಳಗೇ! 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಪೀಠದಲ್ಲಿ ಕೂತ ಮೊದಲ ಹೆಣ್ಣುಮಗಳು. ಅಜ್ಜಿಯ ಹಾಡಿನ ದಾಟಿಗೆ ಅಕ್ಷರ ಕೂಡಿದಾಗ ಎಲ್ಲಿಗೆ ಮುಟ್ಟಿತು ನೋಡಿರಿ.

ಈಗ ಊರೂರಿಗೆ ಹಿಟ್ಟಿನ ಗಿರಣಿ ಬಂದು ಬಹಳ ವರ್ಷ ಆತು. ಬಂದದ್ದು ಒಳ್ಳೇದೇ ಆತು. ಬೀಸೂದು ಸುಖದ ಕೆಲಸ ಅಲ್ಲ. ರಟ್ಟಿ ಸೋತು, ಅಂಗೈಯಾಗ ಗುಳ್ಳಿ ಏಳತಿದ್ದವು. ಹಾಡು ಉಳೀಲಿ ಅಂತ ಯಾರೂ ಮತ್ತೆ ಕಲ್ಲಿನ ಮುಂದೆ ಕೂಡಬೇಕಾಗಿಲ್ಲ. ಆದರೆ ಕಲ್ಲು ನಿಂತ ಮ್ಯಾಲೆ ಹಾಡೂ ನಿಲ್ಲುತ್ತಾ ಬಂದದ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು ಹೋದ ಕುಟುಂಬಗಳಿಗೆ ಹೊಲಮನಿಯ ಪರಿಹಾರ ಅಂತ ಒಂದು ಲೆಕ್ಕ ಇತ್ತು. ಓಣಿಯವರೆಲ್ಲ ಕೂಡಿ ಹಾಡತಿದ್ದ ಸೋಬಾನಕ್ಕೆ ಯಾವ ಲೆಕ್ಕ?

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. 'ಗರತಿಯ ಹಾಡು' ಕೂಡಿಸಿದವರ ಹೆಸರು ನಮಗೆ ಗೊತ್ತು. ಹಾಡಿದ ಆ ತಾಯಂದಿರ ಹೆಸರು ನಮ್ಮೊಳಗ ಯಾರಿಗೆ ಗೊತ್ತು? ಆ ಕಾಲದಾಗ ಹೆಣ್ಣುಮಗಳ ಹೆಸರು ಹೊರಗ ಹೇಳೂ ರೂಢಿನೇ ಇರಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ, ಅಷ್ಟೇ. ಇವತ್ತು ನಮ್ಮ ಸೊಸಾಯಿಟಿಯ ಸದಸ್ಯರ ಪಟ್ಟಿ ತೆಗೆದು ನೋಡಿರಿ. ಹೆಣ್ಣುಮಕ್ಕಳ ಹೆಸರು ಬೆರಳಿನಿಂದ ಎಣಿಸಿದರೆ ಮುಗೀತು. ಹೊಲದಾಗ ಕಳೆ ತೆಗೆದವರು ಅವರು, ಎಮ್ಮಿ ಹಿಂಡಿದವರು ಅವರು, ಕಂತು ಕಟ್ಟಲಿಕ್ಕೆ ಸೆರಗಿನ ಗಂಟು ಬಿಚ್ಚಿದವರು ಅವರು. ಷೇರು ಮಾತ್ರ ಗಂಡಸರ ಹೆಸರಿಗೆ.

ಆದ್ದರಿಂದ ಆಡಳಿತ ಮಂಡಳಿಯವರಲ್ಲಿ ನನ್ನ ಎರಡು ವಿನಂತಿ. ಒಂದು, ಮುಂದಿನ ವರ್ಷದೊಳಗೆ ಪ್ರತಿಯೊಬ್ಬ ಸದಸ್ಯರ ಮನೆಯಿಂದ ಒಬ್ಬ ಹೆಣ್ಣುಮಗಳನ್ನಾದರೂ ಸದಸ್ಯಳನ್ನಾಗಿ ಮಾಡಿಕೊಳ್ಳಿರಿ; ಸಹಿ ಬಾರದವರಿಗೆ ಸಹಿ ಕಲಿಸುವ ಕೆಲಸ ನಮ್ಮಂಥ ನಿವೃತ್ತ ಮಾಸ್ತರರಿಗೆ ಬಿಡಿರಿ, ಪಗಾರ ಬೇಡ. ಎರಡು, ಸೊಸಾಯಿಟಿಯ ಕಪಾಟಿನೊಳಗ ಒಂದು ದಪ್ಪ ರಿಜಿಸ್ಟರ್ ಇಡಿರಿ. ಊರಿನ ಹಿರಿಯ ಹೆಣ್ಣುಮಕ್ಕಳ ಹೆಸರು, ತವರೂರು, ಅವರಿಗೆ ಬರುವ ಹಾಡು, ಒಗಟು, ಕತಿ ಎಲ್ಲಾ ಅದರಾಗ ಬರೆಸಿರಿ. ಈಗ ಪ್ರತಿ ಹುಡುಗನ ಕಿಸೆಯೊಳಗೂ ಮೊಬೈಲ್ ಅದ. ಹಲಸಂಗಿ ಗೆಳೆಯರು ಕೈಯಿಂದ ಬರೆದುಕೊಂಡದ್ದನ್ನು ನೀವು ಗುಂಡಿ ಒತ್ತಿ ಹಿಡಿದಿಡಬಹುದು. ಆದರೆ ಅಜ್ಜಿ ಮುಂದೆ ಕೂಡುವ ಪುರುಸೊತ್ತು ಮತ್ತು ಆಕೆ ನನಗಿಂತ ಬಲ್ಲವಳು ಎನ್ನುವ ಭಾವನೆ, ಅವೆರಡನ್ನು ನೀವೇ ತರಬೇಕು. ಹಾಡಿದಾಕಿಯ ಹೆಸರು ಮೊದಲು ಬರೆಯಿರಿ, ಬರೆದುಕೊಂಡವನ ಹೆಸರು ಆಮೇಲೆ.

ಸಂಘ ಇನ್ನೂ ಇಪ್ಪತ್ತೈದು ವರ್ಷ ಕಂಡು ಸುವರ್ಣ ಮಹೋತ್ಸವ ಮಾಡಲಿ. ಆ ದಿವಸದ ಸಂಚಿಕೆಯೊಳಗ ನಮ್ಮ ಊರ ಅಜ್ಜಿಯರ ಹಾಡು ಅವರವರ ಹೆಸರಿನಿಂದಲೇ ಅಚ್ಚಾಗಲಿ ಎಂದು ಹಾರೈಸುತ್ತೇನೆ.

ಜೈ ಸಹಕಾರ. ಜೈ ಕರ್ನಾಟಕ.