ಕಾರಣ ಹೇಳದ ನಿರಾಕರಣೆ

ಜೀವಾವಧಿ ಶಿಕ್ಷೆಯೆಂದರೆ ಹದಿನಾಲ್ಕು ವರ್ಷ ಎಂಬ ಮಾತು ಊರ ಕಟ್ಟೆಯಿಂದ ಸಿನಿಮಾದ ತನಕ ಓಡಾಡುತ್ತಿರುತ್ತದೆ. ಕಾನೂನು ಹಾಗೆ ಹೇಳುವುದಿಲ್ಲ. ಜೀವಾವಧಿ ಎಂದರೆ ಉಸಿರಿರುವ ತನಕ ಎಂದು ಗೋಪಾಲ ವಿನಾಯಕ ಗೋಡ್ಸೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1961ರಲ್ಲೇ ಸ್ಪಷ್ಟಪಡಿಸಿದೆ. ಮರಣದಂಡನೆಯನ್ನೂ ವಿಧಿಸಬಹುದಾಗಿದ್ದ ಅಪರಾಧಕ್ಕೆ ಜೀವಾವಧಿ ಶಿಕ್ಷೆಯಾದವರನ್ನು ಹದಿನಾಲ್ಕು ವರ್ಷ ತುಂಬುವ ಮೊದಲು ಬಿಡುವಂತಿಲ್ಲ, ಅಷ್ಟೇ. ಅದು ಕನಿಷ್ಠ ಮಿತಿ. ಆ ಮಿತಿ ದಾಟಿದ ಸಜಾಬಂದಿ ತನ್ನ ಶಿಕ್ಷೆಯನ್ನು ಮತ್ತೊಮ್ಮೆ ನೋಡಿ ಎಂದು ಕೇಳಿ, ಇಲ್ಲ ಎಂಬ ಉತ್ತರ ಬಂದರೆ ಮುಂದೇನು? ಆ ‘ಇಲ್ಲ’ಕ್ಕೆ ಕಾರಣ ಬರೆದಿದ್ದರೆ ಮಾತ್ರ ಅದನ್ನು ಪ್ರಶ್ನಿಸುವ ಹಕ್ಕಿಗೆ ಅರ್ಥವಿದೆ ಎಂಬುದು ನನ್ನ ವಾದ.

ತೀರ್ಪಿಗೆ ಸಹಿ ಬಿದ್ದ ಮೇಲೆ ಬರವಣಿಗೆಯ ತಪ್ಪು, ಲೆಕ್ಕದ ತಪ್ಪುಗಳನ್ನು ಬಿಟ್ಟು ಬೇರೇನನ್ನೂ ಕ್ರಿಮಿನಲ್ ನ್ಯಾಯಾಲಯ ತಾನೇ ಬದಲಿಸುವಂತಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 403ನೇ ಕಲಮು ಅದನ್ನು ತಡೆಯುತ್ತದೆ. ಮೇಲ್ಮನವಿಗಳೆಲ್ಲ ಮುಗಿದ ಮೇಲೆ ಸುಪ್ರೀಂ ಕೋರ್ಟಿನಲ್ಲಿ ಮರುಪರಿಶೀಲನಾ ಅರ್ಜಿ ಹಾಕಬಹುದು. ಅದನ್ನು ನ್ಯಾಯಮೂರ್ತಿಗಳು ಸಾಮಾನ್ಯವಾಗಿ ತಮ್ಮ ಕೊಠಡಿಯಲ್ಲೇ ಕಡತ ನೋಡಿ ತೀರ್ಮಾನಿಸುತ್ತಾರೆ, ವಕೀಲರ ವಾದಕ್ಕೆ ಅವಕಾಶವಿರುವುದಿಲ್ಲ. ಮರಣದಂಡನೆಯ ಪ್ರಕರಣಗಳಿಗೆ ಮಾತ್ರ 2014ರಲ್ಲಿ ತೆರೆದ ನ್ಯಾಯಾಲಯದ ವಿಚಾರಣೆ ದೊರಕಿತು. ಇದರ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ. ಅಲ್ಲಿನ ಪ್ರಶ್ನೆ ಹಳೆಯ ತೀರ್ಪು ತಪ್ಪೇ ಎಂಬುದು. ಅದಕ್ಕೆ ಎಲ್ಲಾದರೂ ಒಂದು ಕೊನೆ ಬೇಕು. ಶಿಕ್ಷೆ ಮಾಫಿಯ ಅರ್ಜಿಯಲ್ಲಿ ಪ್ರಶ್ನೆಯೇ ಬೇರೆ. ಅಪರಾಧ ಮಾಡಿದ ಆ ದಿನದ ವ್ಯಕ್ತಿಯೇ ಇಂದೂ ಜೈಲಿನಲ್ಲಿದ್ದಾನೆಯೇ? ಈ ನಿರ್ಧಾರ ಸರ್ಕಾರದ್ದು. ಆದರೆ ಶಿಕ್ಷೆ ಕೊಟ್ಟ ನ್ಯಾಯಾಲಯದ ನ್ಯಾಯಾಧೀಶರ ಅಭಿಪ್ರಾಯವನ್ನು ಅದು ಕೇಳಬಹುದು. ಕೇಳಿದಾಗ ಅಭಿಪ್ರಾಯದೊಡನೆ ಕಾರಣವನ್ನೂ ಕೊಡಬೇಕೆಂದು ಕಾನೂನೇ ಹೇಳುತ್ತದೆ. ತೊಡಕು ಹುಟ್ಟುವುದು ಇಲ್ಲೇ. ಛತ್ತೀಸಗಢದ ರಾಮ್ ಚಂದರ್ ಎಂಬ ಸಜಾಬಂದಿಯ ಪ್ರಕರಣದಲ್ಲಿ ಅಭಿಪ್ರಾಯವೇನೋ ಬಂದಿತ್ತು, ತಕ್ಕ ಕಾರಣವಿರಲಿಲ್ಲ. 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪದೆ, ಹೊಸದಾಗಿ ಬರೆಯಿರಿ ಎಂದು ಹಿಂದಕ್ಕೆ ಕಳಿಸಿತು. ಮರುವರ್ಷ ಬಿಹಾರದ ಪ್ರಕರಣವೊಂದರಲ್ಲಿ, ಇಪ್ಪತ್ನಾಲ್ಕು ವರ್ಷ ಒಳಗಿದ್ದವನ ಅರ್ಜಿಯನ್ನು ನ್ಯಾಯಾಧೀಶರ ಪ್ರತಿಕೂಲ ವರದಿಯೊಂದನ್ನೇ ನೆಚ್ಚಿ ತಳ್ಳಿಹಾಕುವುದು ಸರಿಯಲ್ಲವೆಂದಿತು. ವಿಚಾರಣೆ ನಡೆಸಿದ ನ್ಯಾಯಾಧೀಶರು ಬಲ್ಲದ್ದು ಅಂದಿನ ಅಪರಾಧವನ್ನು. ಜೈಲಿನೊಳಗಿನ ಅವನ ನಡತೆಯನ್ನು ಅವರು ಕಂಡವರಲ್ಲ.

ಹಾಗಾದರೆ ಸತ್ತವರ ಮನೆಯವರ ಗತಿ? ಇದು ನ್ಯಾಯವಾದ ಆಕ್ಷೇಪ, ಹಗುರಾಗಿ ತಳ್ಳುವಂಥದ್ದಲ್ಲ. ಆದರೆ ಬಿಲ್ಕಿಸ್ ಬಾನು ಪ್ರಕರಣವನ್ನು ನೆನೆಯಿರಿ. ಗುಜರಾತ್ ಸರ್ಕಾರ ಬಿಡುಗಡೆ ಮಾಡಿದ್ದ ಹನ್ನೊಂದು ಅಪರಾಧಿಗಳನ್ನು ಸುಪ್ರೀಂ ಕೋರ್ಟ್ 2024ರ ಜನವರಿಯಲ್ಲಿ ಮರಳಿ ಜೈಲಿಗೆ ಕಳಿಸಿತು. ವಿಚಾರಣೆ ನಡೆದದ್ದು ಮಹಾರಾಷ್ಟ್ರದಲ್ಲಾದ್ದರಿಂದ ಆ ಅಧಿಕಾರ ಗುಜರಾತಿಗೆ ಇರಲಿಲ್ಲ. ಕೈದಿಗೆ ಒದಗುವ ಅದೇ ಪರಿಶೀಲನೆ ನೊಂದವರಿಗೂ ಒದಗಿತು. ನ್ಯಾಯಾಲಯಗಳೇ ಸರ್ಕಾರ ನಡೆಸಿದಂತಾಗುವುದಿಲ್ಲವೇ ಎಂಬ ಇನ್ನೊಂದು ಮಾತಿದೆ. ಸಾಮಾನ್ಯವಾಗಿ ನ್ಯಾಯಾಲಯ ತಾನೇ ಮಾಫಿ ಕೊಡುವುದಿಲ್ಲ, ಮತ್ತೆ ಯೋಚಿಸಿ ಎಂದು ಸರ್ಕಾರಕ್ಕೆ ಹೇಳುತ್ತದೆ. ನನಗೆ ಒಪ್ಪಲು ಕಷ್ಟವಾಗುವುದು ಕರ್ನಾಟಕದಿಂದಲೇ ಹೋದ ಶ್ರದ್ಧಾನಂದ ಪ್ರಕರಣದ 2008ರ ತೀರ್ಪು. ಮರಣದಂಡನೆಯನ್ನು ತಪ್ಪಿಸುವಾಗ ನ್ಯಾಯಾಲಯ, ಈತನನ್ನು ಬದುಕಿರುವ ತನಕ ಬಿಡಕೂಡದೆಂದು ಆಗಲೇ ಬರೆದಿಟ್ಟಿತು. 2015ರಲ್ಲಿ ಸಂವಿಧಾನ ಪೀಠ ಆ ದಾರಿಯನ್ನು ಮೂರು-ಎರಡರ ಬಹುಮತದಿಂದ ಎತ್ತಿಹಿಡಿಯಿತು. ನೇಣು ತಪ್ಪಿಸಿದ್ದು ದೊಡ್ಡದೇ. ಆದರೂ ಇಪ್ಪತ್ತು ವರ್ಷದ ನಂತರದ ಮನುಷ್ಯನನ್ನು ಇಂದೇ ಅಳೆಯುವುದು ಹೇಗೆ? ಅಂಥವರಿಗೆ ಇನ್ನು ಉಳಿದಿರುವುದು ರಾಷ್ಟ್ರಪತಿ ಮತ್ತು ರಾಜ್ಯಪಾಲರ ಕ್ಷಮಾದಾನದ ಅಧಿಕಾರ.

ನಿಮಗೆ ತಿಳಿದವರು ಯಾರಾದರೂ ಇಂಥ ನಿರಾಕರಣೆ ಎದುರಿಸಿದ್ದರೆ, ಆದೇಶದ ಪ್ರತಿಯನ್ನೂ ನ್ಯಾಯಾಧೀಶರ ಅಭಿಪ್ರಾಯದ ಪ್ರತಿಯನ್ನೂ ಮೊದಲು ಕೇಳಿ ಪಡೆಯಲಿ. ಹೈಕೋರ್ಟಿನಲ್ಲಿ ರಿಟ್ ಅರ್ಜಿ ನಿಲ್ಲುವುದು ಅವುಗಳ ಮೇಲೆ. ವಕೀಲರಿಗೆ ಕೊಡಲು ಹಣವಿಲ್ಲವೆಂದು ಕೈಚೆಲ್ಲಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ, ಬಂಧನದಲ್ಲಿರುವವರು ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿಗೆ ಅರ್ಹರು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಒಂದು ಅರ್ಜಿ ಬರೆದುಕೊಡಿ.