ಉಳಿದ ತುಣುಕುಗಳು
(ವಾರ್ಷಿಕ ಸಹಾಯಾರ್ಥ ಭೋಜನಕೂಟದಲ್ಲಿ ಮಾಡಿದ ಭಾಷಣ)



ಊಟಕ್ಕೆ ಮುಂಚೆ ಎರಡು ಮಾತು. ಬೈಬಲ್ಲಿನ ಆದಿಕಾಂಡದ ಮೊದಲ ಅಧ್ಯಾಯದಲ್ಲಿ ದೇವರು ಮನುಷ್ಯನಿಗೆ ಆಹಾರವೆಂದು ಕೊಟ್ಟದ್ದು ಧಾನ್ಯ ಮತ್ತು ಹಣ್ಣು. ಮಾಂಸಕ್ಕೆ ಅಪ್ಪಣೆ ಸಿಕ್ಕಿದ್ದು ಜಲಪ್ರಳಯದ ನಂತರ, ನೋಹನ ಕಾಲದಲ್ಲಿ; ಅದೂ ರಕ್ತವನ್ನು ಬಿಟ್ಟು. ರಕ್ತವೆಂದರೆ ಜೀವ, ಜೀವ ದೇವರದು. ಕಥೋಲಿಕರಾದ ನಾವು ಮೀನು ಮಾಂಸ ತಿನ್ನುತ್ತೇವೆ, ನಿಜ (ಕರಾವಳಿಯವರು ಮೀನು ಬಿಟ್ಟೇವೇ!). ಆದರೆ ಪ್ರಾಣಿಗಳನ್ನು ನಿಷ್ಕಾರಣ ನೋಯಿಸುವುದು, ಕೊಲ್ಲುವುದು ಮನುಷ್ಯನ ಘನತೆಗೆ ತಕ್ಕದ್ದಲ್ಲ ಎನ್ನುತ್ತದೆ ಶ್ರೀಸಭೆಯ ಧರ್ಮೋಪದೇಶ.

ಅನ್ನಕ್ಕೂ ಇದೇ ಮರ್ಯಾದೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬ ನೆನಪಿದೆಯಲ್ಲ? ಮಂಗಳೂರಿನ ಕಡೆ ಅಂದು ಚರ್ಚಿನಲ್ಲಿ ಹರಸಿದ ಭತ್ತದ ತೆನೆ ಮನೆಗೆ ಬರುತ್ತದೆ. ಸುಲಿದ ಹೊಸಕ್ಕಿಯನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಒಂದು ಕಾಳೂ ನೆಲಕ್ಕೆ ಬೀಳದಂತೆ ನಮ್ಮ ಅಜ್ಜಿಯಂದಿರು ಕಣ್ಣಿಟ್ಟಿರುತ್ತಿದ್ದರು.

ಐದು ರೊಟ್ಟಿ, ಎರಡು ಮೀನಿನಿಂದ ಐದು ಸಾವಿರ ಜನ ಉಂಡ ಕಥೆ ಎಲ್ಲರಿಗೂ ಗೊತ್ತು. ಉಂಡಾದ ಮೇಲೆ ಯೇಸುಸ್ವಾಮಿ, ಏನೂ ಹಾಳಾಗದಂತೆ ಉಳಿದ ತುಣುಕುಗಳನ್ನು ಕೂಡಿಸಲು ಶಿಷ್ಯರಿಗೆ ಹೇಳಿದ್ದನ್ನು ಮಾತ್ರ ಮರೆಯುತ್ತೇವೆ. ಹನ್ನೆರಡು ಬುಟ್ಟಿ ತುಂಬಿತು! ಆಹಾರ ಎಸೆಯುವುದೆಂದರೆ ಬಡವರ ಊಟವನ್ನು ಕದ್ದ ಹಾಗೆ ಎಂದು ಪೋಪ್ ಫ್ರಾನ್ಸಿಸ್ 2013ರ ಜೂನ್ 5ರಂದು ಹೇಳಿದ್ದರು.

ಕಳೆದ ವರ್ಷ ಇದೇ ಕೂಟದಲ್ಲಿ, ಹಸಿದವರಿಗಾಗಿ ಹಣ ಕೂಡಿಸಿದ ರಾತ್ರಿಯೇ, ನಾವು ನಾಲ್ಕು ದೊಡ್ಡ ಚೀಲ ಅನ್ನ ಕಸಕ್ಕೆ ಹಾಕಿದೆವು. ಬರುತ್ತೇವೆಂದವರು ಬರಲಿಲ್ಲ, ನಾವೂ ಮತ್ತೆ ವಿಚಾರಿಸಲಿಲ್ಲ. ಈ ಸಲ ಬಾಗಿಲ ಬಳಿ ಖಾಲಿ ಡಬ್ಬಿಗಳನ್ನು ಇಟ್ಟಿದ್ದೇವೆ. ಮೊದಲು ಸ್ವಲ್ಪವೇ ಬಡಿಸಿಕೊಳ್ಳಿ, ಬೇಕಾದರೆ ಮತ್ತೆ ಬನ್ನಿ. ಉಳಿದದ್ದನ್ನು ದಯವಿಟ್ಟು ಮನೆಗೆ ಒಯ್ಯಿರಿ.