ಹೊಸ ಆ್ಯಪ್‌ಗೂ ಬೇಕು ಹೊಲದ ಪರೀಕ್ಷೆ
(ಭಾಷಣದ ಲಿಖಿತ ರೂಪ)



ಸಂಶೋಧನಾ ಕೇಂದ್ರದಲ್ಲಿ ಚೆನ್ನಾಗಿ ಬಂದ ತಳಿಯನ್ನು ಕೂಡಲೇ ಬಿಡುಗಡೆ ಮಾಡುವ ಪದ್ಧತಿ ಇಲ್ಲ. ಅದನ್ನು ಹಲವು ಸ್ಥಳಗಳಲ್ಲಿ, ಅನಂತರ ರೈತರ ಹೊಲಗಳಲ್ಲಿ ಬೆಳೆದು ನೋಡಲಾಗುತ್ತದೆ. ಕೇಂದ್ರದ ಮಣ್ಣು, ನೀರು, ಆರೈಕೆ ಬೇರೆ. ರೈತನ ಹೊಲದ ಪರಿಸ್ಥಿತಿಯೇ ಬೇರೆ. ಮೊಬೈಲ್ ಆ್ಯಪ್‌ಗೂ ಇದೇ ಮಾತು ಅನ್ವಯಿಸುತ್ತದೆ. ತಯಾರಿಸಿದವರು ತಮ್ಮಲ್ಲೇ ಮಾಡಿಕೊಳ್ಳುವ ಪರೀಕ್ಷೆಗೆ ಆಲ್ಫಾ ಪರೀಕ್ಷೆಯೆಂದೂ, ಬಿಡುಗಡೆಗೆ ಮುನ್ನ ಹೊರಗಿನ ಬಳಕೆದಾರರಿಂದ ಮಾಡಿಸುವ ಪರೀಕ್ಷೆಗೆ ಬೀಟಾ ಪರೀಕ್ಷೆಯೆಂದೂ ಹೆಸರು.

2020ರ ಮುಂಗಾರಿನಲ್ಲಿ ಕರ್ನಾಟಕದ ರೈತರು ತಮ್ಮ ಬೆಳೆಯ ವಿವರವನ್ನೂ ಛಾಯಾಚಿತ್ರವನ್ನೂ ಬೆಳೆ ಸಮೀಕ್ಷೆಯ ಆ್ಯಪ್ ಮೂಲಕ ತಾವೇ ದಾಖಲಿಸತೊಡಗಿದರು. ಇಂತಹ ದಾಖಲೆ ಬೆಳೆ ವಿಮೆ, ಬೆಂಬಲ ಬೆಲೆಯ ಖರೀದಿ, ಬೆಳೆ ಹಾನಿ ಪರಿಹಾರಗಳಿಗೆ ಆಧಾರವಾಗುತ್ತದೆ. ಆದ್ದರಿಂದ ಆ್ಯಪ್‌ನಲ್ಲಿ ಉಳಿದ ಸಣ್ಣ ದೋಷವೂ ರೈತನಿಗೆ ನಷ್ಟ ತರಬಲ್ಲದು.

ದೋಷ ನುಸುಳುವ ಬಗೆ

ಗೊಬ್ಬರದ ಪ್ರಮಾಣ ತಿಳಿಸುವ ಆ್ಯಪ್ ಒಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಒಂದು ಎಕರೆ ಇಪ್ಪತ್ತು ಗುಂಟೆ ಜಮೀನನ್ನು 1-20 ಅಥವಾ 1.20 ಎಂದು ಬರೆಯುವ ರೂಢಿ ನಮ್ಮ ಹಳ್ಳಿಗಳಲ್ಲಿದೆ. 40 ಗುಂಟೆಗೆ ಒಂದು ಎಕರೆಯಾದ್ದರಿಂದ ಇದು ಒಂದೂವರೆ ಎಕರೆ. ಆದರೆ ದಶಮಾಂಶದ ಲೆಕ್ಕದಲ್ಲಿ 1.20 ಎಂದರೆ ಒಂದು ಎಕರೆ ಎಂಟು ಗುಂಟೆ ಮಾತ್ರ. ಹೀಗಾದರೆ ಬೆಳೆಗೆ ಐದರಲ್ಲೊಂದು ಪಾಲು ಗೊಬ್ಬರ ಕಡಿಮೆ ಬೀಳುತ್ತದೆ. ಆ್ಯಪ್ ಕೇಳಿದ್ದು ಹೆಕ್ಟೇರು, ರೈತ ಕೊಟ್ಟದ್ದು ಎಕರೆಯ ಅಂಕಿ ಎಂದಾದರೆ, ಪ್ರಮಾಣ ಸುಮಾರು ಎರಡೂವರೆ ಪಟ್ಟಾಗುತ್ತದೆ. ಕಚೇರಿಯಲ್ಲಿ ಕುಳಿತವರ ಕಣ್ಣಿಗೆ ಬೀಳದ ಈ ದೋಷ, ಸ್ವಂತ ಜಮೀನಿನ ಲೆಕ್ಕ ಹಾಕಿ ನೋಡಿದ ರೈತನಿಗೆ ಮೊದಲ ದಿನವೇ ತಿಳಿಯುತ್ತದೆ.

ಗುಂಪಿನಲ್ಲಿ ಯಾರಿರಬೇಕು?

ಹೊಸ ಫೋನು ಹಿಡಿದ ಚುರುಕಾದ ಯುವಕರನ್ನಷ್ಟೇ ಸೇರಿಸುವುದು, ಫಲವತ್ತಾದ ತಾಕಿನಲ್ಲಿ ಮಾತ್ರ ತಳಿಯನ್ನು ಪರೀಕ್ಷಿಸಿದಂತೆ. ಹಳೆಯ ಫೋನು ಇರುವವರು, ಸಿಗ್ನಲ್ ಸಿಗದ ಕಡೆ ಹೊಲವಿರುವವರು, ಕೃಷಿ ಮಾಡುವ ಮಹಿಳೆಯರು, ಕನ್ನಡಕವಿಲ್ಲದೆ ಸಣ್ಣ ಅಕ್ಷರ ಓದಲಾರದ ಹಿರಿಯರು, ಖುಷ್ಕಿ ಮತ್ತು ನೀರಾವರಿ ಬೇಸಾಯಗಾರರು ಎಲ್ಲರೂ ಇರಬೇಕು. ಹಳೆಯ ಫೋನಿನಲ್ಲಿ ಒತ್ತಕ್ಷರ ಒಡೆದು ಕಾಣುವುದು ಇಂತಹವರಿಂದಲೇ ಗೊತ್ತಾಗುವುದು.

ಆರಂಭಕ್ಕೆ 15ರಿಂದ 20 ಮಂದಿ ಸಾಕು. 2023ರ ನವೆಂಬರ್ 13ರ ನಂತರ ಗೂಗಲ್ ಪ್ಲೇಯಲ್ಲಿ ವೈಯಕ್ತಿಕ ಖಾತೆ ತೆರೆದವರು ಆ್ಯಪ್ ಬಿಡುಗಡೆಗೆ ಮುನ್ನ ಪರೀಕ್ಷಾ ಗುಂಪು ನಡೆಸಲೇಬೇಕೆಂಬ ನಿಯಮವಿದೆ. ಮೊದಲು 20 ಮಂದಿ ಬೇಕಿತ್ತು. 2024ರ ಡಿಸೆಂಬರಿನಲ್ಲಿ ಅದನ್ನು 12ಕ್ಕೆ ಇಳಿಸಲಾಯಿತು. ಇವರು 14 ದಿನ ಸತತವಾಗಿ ಗುಂಪಿನಲ್ಲಿರಬೇಕು. ನಡುವೆ ಕೆಲವರು ಬಿಟ್ಟುಹೋಗುವ ಸಂಭವವಿರುವುದರಿಂದ ನಾಲ್ಕಾರು ಮಂದಿ ಹೆಚ್ಚಿಗೆ ಇರುವುದು ಕ್ಷೇಮ.

ಅನುಸರಿಸಬೇಕಾದ ಕ್ರಮಗಳು

1. ಬಿತ್ತನೆ, ಕೊಯ್ಲಿನ ಭರಾಟೆಯ ದಿನಗಳನ್ನು ಬಿಟ್ಟು ಪರೀಕ್ಷೆ ಇಟ್ಟುಕೊಳ್ಳಬೇಕು.

2. ಪ್ರತಿಯೊಬ್ಬರಿಗೂ ಒಂದು ನಿರ್ದಿಷ್ಟ ಕೆಲಸ ಕೊಡಬೇಕು. ಉದಾಹರಣೆಗೆ, ‘ನಿಮ್ಮ ಸರ್ವೆ ನಂಬರನ್ನು ಹುಡುಕಿ, ಬೆಳೆಯನ್ನು ದಾಖಲಿಸಿ.’ ಕಾರ್ಯಕರ್ತರು ಪಕ್ಕದಲ್ಲಿದ್ದು ನೋಡಬೇಕೇ ಹೊರತು ಫೋನನ್ನು ತಾವೇ ಕೈಗೆ ತೆಗೆದುಕೊಳ್ಳಬಾರದು. ರೈತ ತಡವರಿಸಿದ ಜಾಗವೇ ಆ್ಯಪ್ ತಿದ್ದಬೇಕಾದ ಜಾಗ.

3. ‘ಸರಿಯಿಲ್ಲ’ ಎಂದಷ್ಟೇ ಬರೆದರೆ ಉಪಯೋಗವಿಲ್ಲ. ಯಾವ ಫೋನು, ಯಾವ ಪುಟ, ಏನು ಒತ್ತಿದ್ದು, ಏನಾಯಿತು ಎಂಬ ನಾಲ್ಕು ವಿವರ ಬೇಕು. ಬರೆಯಲಾಗದವರು ಧ್ವನಿ ಸಂದೇಶದಲ್ಲಿ ಹೇಳಬಹುದು.

4. ಬಂದ ದೂರುಗಳಲ್ಲಿ ಯಾವುದನ್ನು ಸರಿಪಡಿಸಲಾಯಿತು, ಯಾವುದು ಬಾಕಿಯಿದೆ ಎಂಬುದನ್ನು ವಾರಕ್ಕೊಮ್ಮೆ ಗುಂಪಿಗೆ ತಿಳಿಸಬೇಕು. ಉತ್ತರ ಸಿಗದ ರೈತ ಎರಡನೆಯ ಸಲ ದೂರು ಕೊಡುವುದಿಲ್ಲ.

ಎಚ್ಚರಿಕೆಯ ಮಾತು

ಪರೀಕ್ಷೆಯಲ್ಲಿರುವ ಆ್ಯಪ್ ಹೇಳಿತೆಂದು ಗೊಬ್ಬರ ಹಾಕುವುದಾಗಲಿ, ಔಷಧಿ ಸಿಂಪಡಿಸುವುದಾಗಲಿ ಕೂಡದು. ಅದರ ಲೆಕ್ಕವನ್ನು ರೈತ ಸಂಪರ್ಕ ಕೇಂದ್ರದಲ್ಲಿ ತಾಳೆ ನೋಡಬೇಕು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಅಪರಿಚಿತ ಕಡತದಿಂದ ಯಾವ ಆ್ಯಪನ್ನೂ ಹಾಕಿಕೊಳ್ಳಬಾರದು. ಬ್ಯಾಂಕಿನ ಒಟಿಪಿಯನ್ನು ಪರೀಕ್ಷೆಯ ಹೆಸರಿನಲ್ಲಿ ಯಾರು ಕೇಳಿದರೂ ಕೊಡಕೂಡದು.

ಆ್ಯಪ್ ಬಳಸಲು ಬಾರದಿದ್ದಾಗ ‘ನನಗೆ ತಿಳಿಯದು’ ಎಂದು ಸಂಕೋಚದಿಂದ ಸುಮ್ಮನಾಗುವ ರೈತರೇ ಹೆಚ್ಚು. ಪರೀಕ್ಷಾ ಗುಂಪಿನಲ್ಲಿ ಆ ಸಂಕೋಚ ಬೇಡ. ಒಬ್ಬರು ಎಡವಿದ್ದನ್ನು ಬಾಯಿಬಿಟ್ಟು ಹೇಳಿದರೆ, ಮುಂದೆ ಅದೇ ಆ್ಯಪನ್ನು ಬಳಸುವ ಸಾವಿರಾರು ಮಂದಿಗೆ ಎಡವುವ ಕಷ್ಟ ತಪ್ಪುತ್ತದೆ.